ಮೇಸ್ತ್ರಿ ಮಲಗಿದ ಮಧ್ಯಾಹ್ನ

ಸೀಗೆದೊಡ್ಡಿಯ ನಲವತ್ತೊಂದು ರೇಷ್ಮೆ ಹುಳುಮನೆಗಳು ಉಸಿರಾಡುವುದು ಒಂದೇ ಒಂದು ಸರ್ವರಿನ ಮಾತು ಕೇಳಿಕೊಂಡು. ಹಾಗೆಂದರೆ ಕೋಣೆ ತುಂಬ ಯಂತ್ರ ಇಟ್ಟುಕೊಂಡ ಜಿಲ್ಲಾ ಕೇಂದ್ರದವರು ನಗುತ್ತಾರೆ. ನಗಲಿ. ಆ ಸರ್ವರ್ ಇರುವುದು ನಮ್ಮೂರಿನ ಹಾಲಿನ ಡೈರಿಯ ಹಿಂದಿನ ಕೋಣೆಯಲ್ಲಿ. ಹಳೇ ಟ್ರಂಕಿನಷ್ಟು ಗಾತ್ರ. ಅದನ್ನು ನೋಡಿಕೊಳ್ಳುವವಳು ನಾನು, ಹೆಸರು ಇಂಚರ. ವಯಸ್ಸು ನಲವತ್ತು ದಾಟಿದೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು. ಒಂದು ಯಂತ್ರದ ಮೇಲೆ ನಲವತ್ತೊಂದು ಮನೆ ನಡೆಸಿ ನೋಡಲಿ, ಅವರ ಕೋಪ ಎಲ್ಲಿರುತ್ತದೋ ಆಮೇಲೆ ಮಾತಾಡೋಣ.

ನಮ್ಮ ಕಡೆ ಬೇಸಿಗೆ ನಲವತ್ತಾರು ಡಿಗ್ರಿ ಮುಟ್ಟತೊಡಗಿದ ಮೇಲೆ ರೇಷ್ಮೆ ಹುಳು ಸಾಕುವುದೇ ನಿಂತುಹೋಗಿತ್ತು. ಹುಳುವಿಗೆ ಇಪ್ಪತ್ತೈದರ ಆಚೀಚೆ ಇರಬೇಕು. ಮೂವತ್ತಾರು ಆಯಿತೆಂದರೆ ತಲೆ ಎತ್ತಿಕೊಂಡು ಹಾಗೆಯೇ ಸತ್ತುಹೋಗುತ್ತದೆ. ಸೆಕೆಯೆಂದು ಕಿಟಕಿ ತೆಗೆದರೆ ಊಜಿ ನೊಣ ನುಗ್ಗಿ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಒಳಗೆ ನೀರು ಚಿಮುಕಿಸಿದರೆ ಸುಣ್ಣಕಟ್ಟು ರೋಗ ಬರುತ್ತದೆ. ಹೀಗೆ ಎಲ್ಲ ದಾರಿಯೂ ಮುಚ್ಚಿದ್ದಾಗ ಉಸಿರುಗೋಡೆ ಬಂತು. ಜೇಡಿಮಣ್ಣಿಗೆ ಒಂದು ಬಗೆಯ ನಾರು ಬೆರೆಸಿ ಕಟ್ಟುವ ಗೋಡೆ ಅದು. ನಾರಿಗೆ ಚೂರು ಕರೆಂಟು ಕೊಟ್ಟರೆ ಅದು ಕುಗ್ಗಿ, ಸಾಸಿವೆಗಿಂತ ಸಣ್ಣ ತೂತುಗಳು ಬಾಯಿ ತೆರೆಯುತ್ತವೆ. ಗೋಡೆಯೊಳಗೆ ಹರಿಯುವ ನೀರನ್ನು ಸವರಿಕೊಂಡು ಗಾಳಿ ತಂಪಾಗಿ ಒಳಗೆ ಬರುತ್ತದೆ. ಹೇಳುವವರಿಲ್ಲದಿದ್ದರೆ ತೂತುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ನೀರು ನಿಂತಾಗ ಬರೀ ಬಿಸಿಗಾಳಿ ನುಗ್ಗದಿರಲೆಂದು ಬೇಕೆಂದೇ ಹಾಗೆ ಮಾಡಿದ್ದಾರೆ.

ಯಾವ ತೂತು ಎಷ್ಟು ಹೊತ್ತು ತೆರೆಯಬೇಕು ಎಂದು ಹೇಳುವುದು ಒಂದು ಪ್ರೋಗ್ರಾಂ. ಒಂದು ಮನೆಯಲ್ಲಿ ಹುಳು ಮೇಯುತ್ತಿರುತ್ತದೆ, ಇನ್ನೊಂದು ಮನೆಯಲ್ಲಿ ಗೂಡು ಕಟ್ಟುತ್ತಿರುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಆಗುವುದಿಲ್ಲ. ಅದಕ್ಕೇ ಒಂದೊಂದು ಮನೆಗೂ ಅದರದೇ ಪ್ರೋಗ್ರಾಂ, ಅದಕ್ಕೆ ಬೇಕಾದ ಸಾಮಾನಿನ ಸಮೇತ ಒಂದೊಂದು ಕಂಟೇನರಿನಲ್ಲಿ ಕಟ್ಟಿಟ್ಟಿದೆ. ನಾವು ಡಬ್ಬಿ ಅನ್ನುತ್ತೇವೆ. ಈ ಡಬ್ಬಿಗಳನ್ನೆಲ್ಲ ಎಬ್ಬಿಸಿ ಕೆಲಸಕ್ಕೆ ಹಚ್ಚುವುದು, ಬಿದ್ದದ್ದನ್ನು ಮತ್ತೆ ನಿಲ್ಲಿಸುವುದು ಇನ್ನೊಂದು ದೊಡ್ಡ ಪ್ರೋಗ್ರಾಮಿನ ಕೆಲಸ. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿದೆ, ನಮ್ಮೂರಿನಲ್ಲಿ ಮೇಸ್ತ್ರಿ.

ಮೇಸ್ತ್ರಿಯನ್ನು ಕಟ್ಟಿದವರು ನೂರಾರು ಯಂತ್ರಗಳ ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಕಟ್ಟಿದ್ದರು. ಒಂದು ಯಂತ್ರ ಕೆಟ್ಟರೆ ಅದರ ಡಬ್ಬಿಗಳನ್ನು ಇನ್ನೊಂದಕ್ಕೆ ಹೊತ್ತು ಹಾಕುವುದು ಅದರ ಹುಟ್ಟುಗುಣ. ಮೇಸ್ತ್ರಿ ಕೂತ ಯಂತ್ರದ ಮೇಲೆ ಬೇರೆ ಹೊರೆ ಇಳಿಸಬಾರದು ಎಂಬ ಗುರುತು ಬೇರೆ. ಇರುವುದೇ ಒಂದು ಯಂತ್ರವಾದರೆ ಹೊರೆಯನ್ನು ನೆತ್ತಿ ಮೇಲೆ ಇಟ್ಟುಕೊಳ್ಳಬೇಕೇ? ಮೊದಲ ದಿನವೇ ಆ ಗುರುತನ್ನು ಅಳಿಸಿದೆ. ಪ್ರತಿ ಡಬ್ಬಿಗೂ ಒಂದು ಜೋಡಿ ಡಬ್ಬಿ ಇಟ್ಟಿರಿ, ಒಂದು ಹೋದರೆ ಇನ್ನೊಂದು ಇರುತ್ತದೆ ಎಂದೂ ಮೇಸ್ತ್ರಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು. ಒಂದೇ ಸೂರಿನ ಕೆಳಗೆ ಇಬ್ಬರು ಕಾವಲುಗಾರರನ್ನು ಮಲಗಿಸಿದರೆ ಸೂರು ಬಿದ್ದಾಗ ಇಬ್ಬರ ತಲೆ ಮೇಲೂ ಬೀಳುತ್ತದೆ. ಜೋಡಿಯನ್ನೂ ತೆಗೆದುಹಾಕಿದೆ. ಎರಡು ವರ್ಷ ಯಾವ ತಂಟೆಯೂ ಇಲ್ಲದೆ ನಡೆಯಿತು.

ಇದನ್ನೆಲ್ಲ ಹೇಳಿದ್ದು ನನ್ನ ಜಾಣತನ ಮೆರೆಸುವುದಕ್ಕೆಂದು ತಿಳಿಯಬೇಡಿ. ಏಪ್ರಿಲ್ ತಿಂಗಳಿನಲ್ಲಿ ನಾನು ಮಾಡಿದ ದಡ್ಡತನಕ್ಕೆ ಇದು ಪೀಠಿಕೆ.

ಲೆಕ್ಕದ ಪ್ರಕಾರ ಆ ಯಂತ್ರಕ್ಕೆ ನಲವತ್ತು ಮನೆಯೇ ಹೆಚ್ಚು. ನಲವತ್ತೊಂದನೆಯದು ನಮ್ಮ ಮನೆ, ಅಂದರೆ ನನ್ನ ಅತ್ತೆ ಪಲ್ಲವಮ್ಮನವರದು. ಐವತ್ತು ವರ್ಷ ಹುಳು ಸಾಕಿದ ಕೈ ಅವರದು. ಸುತ್ತಲ ಹತ್ತೂರಿನಲ್ಲಿ ಯಾರ ಮನೆಯ ಹುಳು ಸಪ್ಪಗಾದರೂ ಇವರನ್ನೇ ಕರೆಯುತ್ತಿದ್ದರು. ಬಿಸಿಲು ಏರಿದ ಮೇಲೆ ಮೂರು ವರ್ಷ ಒಂದೂ ಬೆಳೆ ತೆಗೆಯಲಾಗಲಿಲ್ಲ. ಚಂದ್ರಿಕೆಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಚಂದ್ರಿಕೆ ಅಂದರೆ ಮೇವು ಮುಗಿಸಿ ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಕಾಯಿಲೆ ಏನೂ ಇರಲಿಲ್ಲ, ಊಟ ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಟಾನಿಕ್ಕಿನಿಂದ ಹೋಗುವ ಕಾಯಿಲೆ ಅಲ್ಲವೆಂದು ನನಗೆ ಗೊತ್ತಿತ್ತು.

ಹೋದ ಸಂಕ್ರಾಂತಿ ಕಳೆದ ಮೇಲೆ ನಾನೂ ನನ್ನ ಗಂಡನೂ ಹಟ ಹಿಡಿದು ಹಿತ್ತಲಿನಲ್ಲಿ ಉಸಿರುಗೋಡೆಯ ಕೋಣೆ ಕಟ್ಟಿಸಿದೆವು. ಮೇಸ್ತ್ರಿ ಜಾಗವಿಲ್ಲ ಅಂದಿತು. ಅಲ್ಲಿ ಚೂರು ಇಲ್ಲಿ ಚೂರು ಒತ್ತರಿಸಿ ನಲವತ್ತೊಂದನೆಯ ಡಬ್ಬಿಯನ್ನು ತುರುಕಿದೆ. ಅತ್ತೆ ಐವತ್ತೇ ಐವತ್ತು ಮೊಟ್ಟೆಯ ಮರಿ ತರಿಸಿ ಮೂರು ವರ್ಷದ ಮೇಲೆ ಮೊದಲ ಬೆಳೆಗೆ ಕೈ ಹಾಕಿದರು. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು, ನಾನೂರು ಹುಳುವಾದರೂ ಆಗುತ್ತದೆ. ಮರುದಿನದಿಂದ ಬೆಳಿಗ್ಗೆ ಐದಕ್ಕೆಲ್ಲ ಅವರು ಎದ್ದು ಓಡಾಡುವ ಸದ್ದು ಕೇಳತೊಡಗಿತು. ನನಗೆ ಆಗ ಆದಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಏಪ್ರಿಲ್ ತಿಂಗಳಿನ ಆ ದಿನ ಅತ್ತೆಯ ಹುಳು ಐದನೆಯ, ಕೊನೆಯ ಹಂತದಲ್ಲಿ ಮೂರನೇ ದಿನ ಮೇಯುತ್ತಿತ್ತು. ಇನ್ನೊಂದು ವಾರದೊಳಗೆ ಹಣ್ಣಾಗಬೇಕು. ಸರ್ವರಿನ ಫ್ಯಾನು ಒಂದು ವಾರದಿಂದ ಕರಕರ ಅನ್ನುತ್ತಿತ್ತು. ಹೊಸ ಫ್ಯಾನು ಬಂದಿತ್ತು. ಡೈರಿಯ ಮೈಕಿನಲ್ಲಿ, "ಹತ್ತು ನಿಮಿಷ ಗೋಡೆ ಮುಚ್ಚಿರ್ತವೆ, ಯಾರೂ ಗಾಬರಿ ಬೀಳ್ಬೇಡಿ" ಎಂದು ಕೂಗಿ ಹತ್ತೂವರೆಗೆ ಯಂತ್ರ ನಿಲ್ಲಿಸಿದೆ. ಫ್ಯಾನು ಬದಲಾಯಿಸಿ, ಒಳಗಿನ ದೂಳು ಊದಿ ಗುಂಡಿ ಒತ್ತಿದೆ. ನಿಜಕ್ಕೂ ಹತ್ತು ನಿಮಿಷದೊಳಗೇ ಮುಗಿದಿತ್ತು.

ಪರದೆಯ ಮೇಲೆ ಎದ್ದ ಡಬ್ಬಿಗಳ ಲೆಕ್ಕ ಏರಿತು. ಹತ್ತು, ಹದಿನೆಂಟು, ಇಪ್ಪತ್ತೇಳು. ಅಲ್ಲಿ ನಿಂತಿತು. ಐದು ನಿಮಿಷ ಕಳೆದ ಮೇಲೆ ಇಪ್ಪತ್ತೊಂದಕ್ಕೆ ಇಳಿಯಿತು, ಮತ್ತೆ ಇಪ್ಪತ್ತೇಳಕ್ಕೆ ಏರಿತು, ಮತ್ತೆ ಇಳಿಯಿತು. ಊರಿನಲ್ಲಿ ಒಂದು ಗೋಡೆಯೂ ಬಾಯಿ ತೆರೆದಿರಲಿಲ್ಲ.

ಏನಾಗುತ್ತಿದೆ ಎಂದು ಅರ್ಥವಾಗಲು ಮುಕ್ಕಾಲು ಗಂಟೆ ಹಿಡಿಯಿತು. ರೇಷ್ಮೆ ಹುಳು ನಾಲ್ಕು ಸಲ ಚರ್ಮ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ ಮೇವು ಬಿಟ್ಟು ಅಲ್ಲಾಡದೆ ಮಲಗುತ್ತದೆ, ಸತ್ತಿದೆಯೋ ಎನ್ನುವ ಹಾಗೆ. ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರ ಬಿಟ್ಟು ಎಲ್ಲ ಹುಳುವೂ ಏಳುವ ತನಕ ಸೊಪ್ಪು ಹಾಕುವಂತಿಲ್ಲ. ಹಾಕಿದರೆ ಮೊದಲು ಎದ್ದವು ತಿಂದು ದಪ್ಪಗಾಗಿ, ತಡವಾಗಿ ಎದ್ದವು ಹಿಂದುಳಿದು, ಇಡೀ ಬೆಳೆ ಏರುಪೇರಾಗುತ್ತದೆ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ಪಾಠ ಅದು. ಒಂದು ಸಲ ಅವಸರಪಟ್ಟು ಸೊಪ್ಪು ಹಾಕಿ ಬೈಸಿಕೊಂಡಿದ್ದೂ ಇದೆ.

ಆ ಪಾಠವನ್ನು ನಾನು ಮೇಸ್ತ್ರಿಗೂ ಕಲಿಸಿದ್ದೆ. ಎಲ್ಲ ಮನೆಗಳಿಗೂ ನೀರು ಒಂದೇ ಓವರ್‌ಹೆಡ್ ಟ್ಯಾಂಕಿನಿಂದ. ಮೊದಲು ಎದ್ದ ಡಬ್ಬಿಗಳು ನೀರೆಲ್ಲ ಎಳೆದುಕೊಂಡರೆ ಹಿಂದಿನವಕ್ಕೆ ಗತಿಯೇನು ಎಂದು ಯೋಚಿಸಿ, ಎಲ್ಲ ಡಬ್ಬಿಗಳೂ ಎದ್ದ ಮೇಲೆಯೇ ಕೆಲಸ ಶುರುವಾಗಲಿ ಎಂದು ಕಟ್ಟಳೆ ಬರೆದಿದ್ದೆ. ಬರೆದು ಬೀಗಿದ್ದೆ ಕೂಡ. ಮನೆಗಳು ಒಂದೊಂದಾಗಿ ಸೇರಿದವು, ಯಂತ್ರ ನಿಂತೇ ಇರಲಿಲ್ಲ, ಹಾಗಾಗಿ ಆ ಕಟ್ಟಳೆಗೆ ಪರೀಕ್ಷೆ ಬಂದದ್ದು ಈ ದಿನವೇ. ಆಗಷ್ಟೇ ಎದ್ದ ಡಬ್ಬಿಗೆ ಹಸಿವು ಹೆಚ್ಚು, ಮೆಮೊರಿಯಲ್ಲಿ ಒಂದೂವರೆ ಪಾಲು ಬೇಕು; ಅರ್ಧ ಗಂಟೆ ಕೆಲಸ ಮಾಡಿದ ಮೇಲಷ್ಟೇ ಅದು ಒಂದು ಪಾಲಿಗೆ ಇಳಿಯುತ್ತದೆ. ಇಪ್ಪತ್ತೇಳು ಡಬ್ಬಿ ಎದ್ದರೆ ಜಾಗ ಭರ್ತಿ. ಅವು ಉಳಿದ ಹದಿನಾಲ್ಕು ಏಳಲಿ ಎಂದು ಜಾಗ ಹಿಡಿದು ಕಾಯುತ್ತವೆ. ಆ ಹದಿನಾಲ್ಕು ಜಾಗ ಸಿಗಲಿ ಎಂದು ಕಾಯುತ್ತವೆ. ಐದು ನಿಮಿಷ ಕೆಲಸ ಮಾಡದ ಡಬ್ಬಿ ಸತ್ತಿದೆ ಎಂದು ಮೇಸ್ತ್ರಿ ಅದನ್ನು ಕೆಡವಿ ಹೊಸದಾಗಿ ಎಬ್ಬಿಸುತ್ತದೆ. ದೊಡ್ಡ ಊರಾಗಿದ್ದರೆ ಪಕ್ಕದ ಯಂತ್ರಕ್ಕೆ ಹೊತ್ತು ಹಾಕುತ್ತಿತ್ತು.

ಕಟ್ಟಳೆ ಕಿತ್ತುಹಾಕಲು ಕೈ ಬರಲಿಲ್ಲ. ನೀರಿನ ಭಯ ಹಾಗೇ ಕೂತಿತ್ತು. ಜಿಲ್ಲಾ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿ ಎತ್ತಿಕೊಂಡವನು ನಿಶ್ಚಿತ್ ಎಂಬ ಹುಡುಗ, ಒಳ್ಳೆಯ ಮಾತಿನವನು.

"ನಿಮ್ಮಲ್ಲಿ ಎಷ್ಟು ಮೆಷಿನ್ ಇದೆ ಮೇಡಂ?"

"ಒಂದು."

"ಒಂದು ರೂಮಿನಷ್ಟಾ?"

"ಒಂದು ಮೆಷಿನ್ನಪ್ಪ. ಒಂದು ಅಂದ್ರೆ ಒಂದು."

"ಹಾಗಾದ್ರೆ ಪಕ್ಕದ ಮೆಷಿನ್‌ಗೆ ಸ್ವಲ್ಪ ಲೋಡ್ ಕಳಿಸಿ ಅನ್ನೋ ಹಾಗೂ ಇಲ್ಲ."

"ಪಕ್ಕದಲ್ಲಿ ಹಾಲಿನ ಕ್ಯಾನ್ ಇದೆ."

ಪಾಪ, ನಗಲಿಲ್ಲ. ಡಬ್ಬಿಗಳನ್ನೆಲ್ಲ ತಮ್ಮ ಕಡೆಗೆ ಸಾಗಿಸಿಕೊಂಡರೆ ತಾವೇ ನಡೆಸುತ್ತೇವೆ, ಆದರೆ ಸಾಗಿಸುವಷ್ಟರಲ್ಲಿ ಸಂಜೆಯಾಗುತ್ತದೆ ಅಂದ. ಸಂಜೆಗೆ ಹುಳು ಇರುವುದಿಲ್ಲ ಅಂದೆ. "ಸಾರಿ ಮೇಡಂ" ಅಂದ, ಮನಸ್ಸಿನಿಂದಲೇ ಅಂದ.

ಹನ್ನೆರಡು ಗಂಟೆಯಾಗಿತ್ತು. ಕಾಲು ಗಂಟೆಗೆ ಒಂದು ಡಿಗ್ರಿಯಂತೆ ಕೋಣೆಗಳು ಕಾಯುತ್ತಿದ್ದವು. ನಾನು ಎದ್ದು ಮನೆಗೆ ಓಡಿದೆ. ಅತ್ತೆಯ ಮುಖ ನೋಡದೆ ಅಲ್ಲಿ ಕೂತಿರಲು ಆಗಲಿಲ್ಲ.

ಅತ್ತೆ ಹುಳುಮನೆಯ ನಡುವೆ ಮಣೆ ಹಾಕಿಕೊಂಡು ಕೂತಿದ್ದರು. ಗೋಡೆಯ ಮೀಟರು ಮೂವತ್ತೊಂದು ತೋರಿಸುತ್ತಿತ್ತು. ತಟ್ಟೆಗಳಲ್ಲಿ ಸೊಪ್ಪು ಹಾಗೇ ಉಳಿದಿತ್ತು, ಹುಳುಗಳು ಮೇವು ಬಿಟ್ಟು ತಲೆ ಎತ್ತಿದ್ದವು. ಅವರು ಒಂದು ತಟ್ಟೆಯಿಂದ ಬಾಡಿದ ಸೊಪ್ಪನ್ನು ಎಲೆ ಎಲೆಯಾಗಿ ತೆಗೆಯುತ್ತಿದ್ದರು, ಅದರ ಬಿಸಿಯಾದರೂ ಕಡಿಮೆಯಾಗಲಿ ಎಂದು.

"ಹತ್ತು ನಿಮ್ಸ ಅಂದಿದ್ದೆ," ಅಂದರು, ತಿರುಗಿ ನೋಡದೆ.

"ಅಂದಿದ್ದೆ."

"ಒಂದೂವರೆ ಗಂಟೆ ಆಯ್ತು."

"ಗೊತ್ತು ಅತ್ತೆ."

"ಏನ್ ಮಾಡ್ದೆ ಹೇಳು. ಬಯ್ಯಕಿಲ್ಲ."

ನಿಂತಲ್ಲೇ ಎಲ್ಲ ಹೇಳಿದೆ. ಡಬ್ಬಿಗಳ ಹಸಿವು, ಕಟ್ಟಳೆ, ಒಂದಕ್ಕೊಂದು ಕಾಯುತ್ತ ಕೂತಿರುವುದು. ಹೇಳುತ್ತ ಹೇಳುತ್ತ ಅಳು ಬಂತು. ನೀವು ಹೇಳಿಕೊಟ್ಟ ಹಾಗೇ ಮಾಡಿದೆ ಎಂದು ಕೊನೆಗೆ ಒಂದು ಮಾತು ಸೇರಿಸಿದೆ. ಅದು ಸಣ್ಣತನ ಎಂದು ಆಡಿದ ಕೂಡಲೇ ಗೊತ್ತಾಯಿತು.

ಅತ್ತೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. "ನಾನ್ ಹೇಳ್ಕೊಟ್ಟಿದ್ದು ತಟ್ಟೆ ಮಾತು ಕಣೆ. ಒಂದು ತಟ್ಟೆ ಒಳಗೆ ಎಲ್ಲಾ ಎದ್ಮೇಲೆ ಸೊಪ್ಪು ಹಾಕು ಅಂದೆ. ಆ ಮನೆ ಹುಳ ಎದ್ದಿಲ್ಲ ಅಂತ ಈ ಮನೆ ಹುಳವ ಉಪವಾಸ ಕೆಡವಿದ್ದ ಯಾವತ್ತಾರ ನೋಡಿದ್ದಿಯಾ?"

"ಇಲ್ಲ."

"ಶಾಜಿಯಾ ಮನೇಲಿ ಆಗ್ಲೇ ಗೂಡು ಕಟ್ತಾವೆ. ಬಸಣ್ಣನ ಮನೇಲಿ ನಾಕನೇ ಜ್ವರ. ನಮ್ಮವು ಮೇಯ್ತವೆ. ಊರಿಗೆಲ್ಲ ಒಂದೇ ಜ್ವರ ಬಂದದಾ? ಎದ್ದವರು ಕೆಲ್ಸಕ್ಕೆ ಹೋಗ್ಲಿ, ಮನ್ಗಿರೋರು ಮನ್ಗಿರ್ಲಿ."

"ನೀರು ಸಾಲ್ದೇ ಹೋದ್ರೆ?"

"ಸಾಲ್ದೇ ಹೋದಾಗ ನೋಡ್ಕಳಮ. ಈಗ ಗಾಳಿಯೇ ಇಲ್ಲ. ಹೋಗು, ಇಲ್ಲಿ ನಿಂತ್ಕಂಡು ಅತ್ರೆ ಗೋಡೆ ತೆರ್ಯಕಿಲ್ಲ."

ಹತ್ತೊಂಬತ್ತು ವರ್ಷದಿಂದ ಆ ಪಾಠವನ್ನು ಮಂತ್ರದಂತೆ ಹಿಡಿದುಕೊಂಡಿದ್ದೆ, ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಇಂಥ ತಪ್ಪು ಮಾಡಲು ರೇಷ್ಮೆ ಮನೆಯ ಸೊಸೆಯೇ ಆಗಬೇಕು.

ಡೈರಿಯ ಮುಂದೆ ಆಗಲೇ ಊರು ಸೇರಿತ್ತು. ಬೈಯಲೆಂದು ಬಂದವರೂ ಇದ್ದರು, ಅದಕ್ಕೆ ಸಮಯ ಕೊಡಲಿಲ್ಲ. "ಯಾರ ಮನೇಲಿ ಹುಳ ಜ್ವರಕ್ಕೆ ಕೂತಿವೆ, ಕೈ ಎತ್ತಿ" ಅಂದೆ. ಒಂಬತ್ತು ಕೈ ಎದ್ದವು. ಜ್ವರದ ಹುಳು ಮೇಯುವುದಿಲ್ಲ, ಹಸಿ ಸೊಪ್ಪೂ ಇರುವುದಿಲ್ಲ. ಆ ಕೋಣೆ ನಿಧಾನವಾಗಿ ಕಾಯುತ್ತದೆ, ಒಂದೆರಡು ಗಂಟೆ ಹೆಚ್ಚು ತಾಳುತ್ತದೆ.

"ನಮ್ಮವು ಬೆಳಿಗ್ಗೆ ತಾನೆ ಮನ್ಗವೆ," ಅಂದ ಬಸಣ್ಣ. "ನಮ್ದ ಕೊನೇಗೆ ಮಡಿಕೊ. ಆದ್ರೆ ಮರೀಬೇಡ."

ಒಳಗೆ ಹೋಗಿ ಕೂತೆ. ನನ್ನ ಹಿಂದೆಯೇ ಶಾಜಿಯಾ ಬಂದು ನಿಂತಳು. ಮೂವತ್ತರ ಹೆಂಗಸು, ನಮ್ಮ ಬೀದಿಯವಳೇ, ಅವಳ ಮನೆಯ ಹುಳು ಚಂದ್ರಿಕೆಯ ಮೇಲೆ ಅರ್ಧ ಗೂಡು ಕಟ್ಟಿ ನಿಂತಿತ್ತು. ಕಟ್ಟಳೆಯ ಸಾಲನ್ನು ಅಳಿಸಿದೆ. ಜ್ವರದ ಒಂಬತ್ತು ಮನೆಗಳನ್ನು ಪಟ್ಟಿಯಿಂದ ತಾತ್ಕಾಲಿಕವಾಗಿ ಇಳಿಸಿದೆ. ಉಳಿದದ್ದು ಮೂವತ್ತೆರಡು. ಇಪ್ಪತ್ತೇಳು ಎದ್ದವು, ಎದ್ದವು ಯಾರಿಗೂ ಕಾಯದೆ ಕೆಲಸ ಶುರು ಮಾಡಿದವು. ಹೊರಗಿನಿಂದ ಯಾರೋ "ನಮ್ಮನೆ ಗೋಡೆ ತೆರೀತು" ಎಂದು ಕೂಗಿದ್ದು ಕೇಳಿಸಿತು. ಟ್ಯಾಂಕಿನ ನೀರು ಅರ್ಧಕ್ಕೆ ಇಳಿಯಿತು, ಆಮೇಲೆ ಮೋಟಾರು ಅದಕ್ಕೆ ಸರಿಸಮನಾಗಿ ಎತ್ತಿತು. ಎರಡು ವರ್ಷದ ನನ್ನ ಭಯ ಇಷ್ಟೇ ಆಗಿತ್ತು.

ಇನ್ನು ಐದು ಮನೆ. ಎದ್ದವುಗಳ ಹಸಿವು ಇಳಿದ ಮೇಲೆ ಅವು ಏಳಲಿ ಎಂದರೆ ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಇರಲಿಲ್ಲ. ಜಾಗ ಎಲ್ಲಿದೆ ಎಂದು ಹುಡುಕಿದೆ. ಪರದೆಯ ಮೇಲೆ ಬಣ್ಣ ಬಣ್ಣದ ಗೆರೆಗಳು ಓಡುತ್ತಿದ್ದವು: ಯಾವ ಮನೆ ಎಷ್ಟು ಡಿಗ್ರಿ, ಯಾವ ಡಬ್ಬಿ ಎಷ್ಟು ತಿಂದಿತು, ನಿನ್ನೆ ಎಷ್ಟಿತ್ತು, ಹೋದ ವರ್ಷ ಎಷ್ಟಿತ್ತು. ನನಗೆ ಬಲು ಇಷ್ಟದ ಗೆರೆಗಳು. ಬಂದವರಿಗೆಲ್ಲ ತೋರಿಸುತ್ತಿದ್ದೆ. ಆ ಗೆರೆಗಳನ್ನು ಬಿಡಿಸುವ ಡಬ್ಬಿಗಳೇ ನಾಲ್ಕು ಮನೆಯ ಜಾಗ ತಿನ್ನುತ್ತಿದ್ದವು. ನಿಲ್ಲಿಸಿದೆ. ಪರದೆ ಕಪ್ಪಾಯಿತು, ಅಕ್ಷರದ ಒಂದು ಪಟ್ಟಿ ಮಾತ್ರ ಉಳಿಯಿತು. ಮೂವತ್ತೊಂದು ಮನೆ ಎದ್ದವು.

ಉಳಿದದ್ದು ಒಂದೇ, ನಲವತ್ತೊಂದನೆಯ ಸಂಖ್ಯೆ. ಕೊನೆಗೆ ಬಂದವರನ್ನು ಮೇಸ್ತ್ರಿ ಕೊನೆಗೇ ಎಬ್ಬಿಸುತ್ತದೆ. ಗಂಟೆ ಹನ್ನೆರಡೂ ಮುಕ್ಕಾಲು. ಅತ್ತೆಯ ಕೋಣೆ ಈಗ ಮೂವತ್ತನಾಲ್ಕು ಆಗಿರಬೇಕು.

ಸುಳ್ಳು ಹೇಳಬಾರದು. ಪಟ್ಟಿಯಲ್ಲಿ ಒಂದು ಅಂಕಿ ತಿದ್ದಿದರೆ ಅತ್ತೆಯ ಮನೆ ಮೇಲೆ ಬರುತ್ತಿತ್ತು, ಬೇರೆ ಯಾರದೋ ಒಂದು ಬೀಳುತ್ತಿತ್ತು. ಬೆರಳು ಆ ಅಂಕಿಯ ತನಕ ಹೋಯಿತು. ಅದರ ಮೇಲಿನ ಸಾಲು ಶಾಜಿಯಾಳ ಮನೆ, ಅವಳು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದಳು. ಅತ್ತೆಗೆ ಈ ವಿಷಯ ಗೊತ್ತಾದರೆ ಆ ಬೆಳೆಯನ್ನು ಅವರು ಮುಟ್ಟುವುದೂ ಇಲ್ಲ. ಬೆರಳು ಹಿಂದೆ ತೆಗೆದೆ. ಕಣ್ಣಲ್ಲಿ ನೀರು ಬಂತು, ಶಾಜಿಯಾಳಿಗೆ ಕಾಣದಂತೆ ಒರೆಸಿಕೊಳ್ಳಲೂ ಆಗಲಿಲ್ಲ.

"ಅಕ್ಕ," ಅಂದಳು ಅವಳು, ಪಟ್ಟಿಯ ತುದಿಗೆ ಬೆರಳಿಟ್ಟು. "ಇದು ಯಾರ ಮನೆ? ಇಬ್ಬರ ಜಾಗ ತಗೊಂಡೈತಲ್ಲ."

"ಮನೆ ಅಲ್ಲ. ಅದೇ ಮೇಸ್ತ್ರಿ."

"ಈಗ ಏನ್ ಮಾಡ್ತಾ ಐತೆ?"

"ಎಣಿಸ್ತಾ ಇದೆ."

"ಏನನ್ನ?"

"ಎದ್ದಿರೋರನ್ನ."

ಶಾಜಿಯಾ ನನ್ನ ಮುಖ ನೋಡಿದಳು. "ಎಣಿಸೋಕೆ ನಾವಿಲ್ವಾ?"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮೇಸ್ತ್ರಿ ಡಬ್ಬಿಗಳನ್ನು ಎಬ್ಬಿಸುತ್ತದೆ, ಬಿದ್ದರೆ ನಿಲ್ಲಿಸುತ್ತದೆ, ಆದರೆ ಎದ್ದು ನಿಂತ ಡಬ್ಬಿ ತನ್ನ ಕಾಲ ಮೇಲೇ ನಿಂತಿರುತ್ತದೆ. ಮೇಸ್ತ್ರಿ ಮಲಗಿದರೂ ಅದು ಬೀಳುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಮಾಡಿ ನೋಡಿರಲಿಲ್ಲ. ಯಾರು ಮಾಡುತ್ತಾರೆ? ನಡೆಯುತ್ತಿರುವ ಕೆಲಸದಲ್ಲಿ ಮೇಸ್ತ್ರಿಯನ್ನೇ ಮನೆಗೆ ಕಳಿಸುವ ಯೋಚನೆ ನೂರು ಯಂತ್ರ ಇರುವವರಿಗೆ ಬರುವುದಿಲ್ಲ. ಓದಿದ್ದು ತಪ್ಪಾಗಿದ್ದರೆ ಮೂವತ್ತೊಂದು ಗೋಡೆಗಳೂ ಒಟ್ಟಿಗೆ ಮುಚ್ಚುತ್ತವೆ. ಅದನ್ನು ಶಾಜಿಯಾಳಿಗೆ ಹೇಳಿದೆ. ಅವಳದೂ ಹೋಗುತ್ತದೆ ಎಂದೂ ಹೇಳಿದೆ.

ಅವಳು ಕುರ್ಚಿಯ ಬೆನ್ನು ಬಿಟ್ಟು ಬಾಗಿಲಿಗೆ ಹೋದಳು. "ನಾನು ಹೊರಗೆ ನಿಂತಿರ್ತೀನಿ. ಗೋಡೆ ಮುಚ್ಚಿದ್ರೆ ಕೂಗ್ತೀನಿ, ನೀನು ಅದನ್ನ ಎಬ್ಬಿಸು. ಪಲ್ಲವಮ್ಮ ನನ್ನ ಮೊದಲ್ನೇ ಬೆಳೇಲಿ ಮೂರು ದಿನ ನಮ್ಮನೇಲೇ ಇದ್ರು ಅಕ್ಕ. ಮಾಡು."

ಮೇಸ್ತ್ರಿಯನ್ನು ಮಲಗಿಸಿದೆ.

ಪಟ್ಟಿ ಅಳಿಸಿಹೋಯಿತು. ಪರದೆಯಲ್ಲಿ ಮಿನುಗುವ ಒಂದು ಗೆರೆ ಬಿಟ್ಟರೆ ಏನೂ ಇಲ್ಲ. ಕಿವಿ ಬೀದಿಯ ಕಡೆ ಇಟ್ಟು ಕೂತೆ. ಒಂದು ನಿಮಿಷ, ಎರಡು ನಿಮಿಷ. ಯಾರೂ ಕೂಗಲಿಲ್ಲ. ನಲವತ್ತೊಂದನೆಯ ಡಬ್ಬಿಯನ್ನು ನನ್ನ ಕೈಯಿಂದಲೇ ಎಬ್ಬಿಸುವ ಆಜ್ಞೆ ಟೈಪು ಮಾಡಿದೆ. ಅವಸರದಲ್ಲಿ ಎರಡು ಸಲ ತಪ್ಪಾಯಿತು, ಮೂರನೆಯ ಸಲ ಅದು ತೆಗೆದುಕೊಂಡಿತು.

ತೆಗೆದುಕೊಂಡಿತು ಸರಿ, ಗೋಡೆ ತೆರೆಯಿತೋ ಇಲ್ಲವೋ ಹೇಳಲು ಈಗ ಗೆರೆಯೂ ಇಲ್ಲ, ಮೇಸ್ತ್ರಿಯೂ ಇಲ್ಲ. ನೋಡಬೇಕೆಂದರೆ ಹೋಗಿಯೇ ನೋಡಬೇಕು. ಹೊರಗೆ ಬಂದು ಒಬ್ಬೊಬ್ಬರೂ ಅವರವರ ಗೋಡೆಯ ಹತ್ತಿರ ನಿಲ್ಲಿ, ಮುಚ್ಚಿದರೆ ಡೈರಿಗೆ ಓಡಿ ಬನ್ನಿ ಎಂದು ಹೇಳಿ, ಡಬ್ಬಿ ಎಬ್ಬಿಸುವ ಆಜ್ಞೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಶಾಜಿಯಾಳನ್ನು ಯಂತ್ರದ ಹತ್ತಿರ ಕೂರಿಸಿ, ನಮ್ಮ ಮನೆಗೆ ಓಡಿದೆ. ಬಿಸಿಲಿಗೆ ಬೀದಿ ಕಾದ ಹೆಂಚಾಗಿತ್ತು, ಚಪ್ಪಲಿ ಹಾಕಿಕೊಳ್ಳುವುದು ಮರೆತಿದ್ದೆ.

ಹುಳುಮನೆಯ ಒಳಬಾಗಿಲು ತೆರೆದಾಗ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಮೀಟರು ಮೂವತ್ತನಾಲ್ಕರಲ್ಲಿತ್ತು, ನಾನು ನೋಡುತ್ತಿದ್ದ ಹಾಗೇ ಮೂವತ್ತಮೂರಕ್ಕೆ ಬಂತು. ಅತ್ತೆ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದರು. ಒಂದು ತಟ್ಟೆಯ ಹುಳು ಹೋಗಿತ್ತು. ಬಾಗಿಲ ಪಕ್ಕದ ತಟ್ಟೆ, ಬಿಸಿಲು ಬೀಳುವ ಕಡೆಯದು. ಉಳಿದ ಹದಿನೇಳು ತಟ್ಟೆಗಳು ಇದ್ದವು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇಪ್ಪತ್ತೆಂಟಕ್ಕೆ ಇಳಿದ ಮೇಲೆ ಅತ್ತೆ ಒದ್ದೆ ಗೋಣಿಯಡಿಯಿಂದ ಎಳೆಯ ಸೊಪ್ಪು ತೆಗೆದು ಒಂದು ತಟ್ಟೆಗೆ ತೆಳ್ಳಗೆ ಹರಡಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಹುಳು ತಲೆ ತಗ್ಗಿಸಿ ಎಲೆಯ ಅಂಚಿಗೆ ಬಾಯಿ ಹಾಕಿತು, ಅದರ ಪಕ್ಕದ್ದೂ ಹಾಕಿತು. ಕೋಣೆಯ ತುಂಬ ಆ ಸಣ್ಣ ಕರಕರ ಸದ್ದು ಹಬ್ಬುವ ತನಕ ಅತ್ತೆ ಬಗ್ಗಿಕೊಂಡೇ ಇದ್ದರು.

"ಕಾಲ ನೋಡ್ಕೊ, ಬೊಬ್ಬೆ ಎದ್ದದೆ," ಅಂದರು ನನಗೆ.

ಆ ಮಧ್ಯಾಹ್ನ ಸೀಗೆದೊಡ್ಡಿಗೆ ಮೇಸ್ತ್ರಿ ಇರಲಿಲ್ಲ. ಅರ್ಧ ಗಂಟೆ ಕಳೆದು ಮೊದಲೆದ್ದವರ ಹಸಿವು ಇಳಿದ ಹಾಗೆ, ಜ್ವರದ ಒಂಬತ್ತು ಮನೆಗಳನ್ನೂ ಒಂದೊಂದಾಗಿ ಕೈಯಿಂದಲೇ ಎಬ್ಬಿಸಿದೆ. ಬಸಣ್ಣನ ಮನೆ ಮರೆಯಲಿಲ್ಲ. ಎರಡು ಸಲ ಡಬ್ಬಿ ಬಿತ್ತು, ಎರಡು ಸಲವೂ ಆ ಮನೆಯವರು ಓಡಿ ಬಂದು ಹೇಳಿದರು, ಶಾಜಿಯಾ ಎತ್ತಿ ನಿಲ್ಲಿಸಿದಳು. ಎರಡನೆಯ ಸಲದ ಹೊತ್ತಿಗೆ ಅವಳು ನನಗಿಂತ ಬೇಗ ಟೈಪು ಮಾಡುತ್ತಿದ್ದಳು. ನಿಶ್ಚಿತ್ ತಾನಾಗಿ ಫೋನ್ ಮಾಡಿ ವಿಚಾರಿಸಿದ. ಮೇಸ್ತ್ರಿಯನ್ನೇ ಮಲಗಿಸಿದೆವು ಅಂದಾಗ, "ಕಂಟ್ರೋಲರ್ ಆಫ್ ಮಾಡಿದ್ರಾ?" ಎಂದು ಮೂರು ಸಲ ಕೇಳಿ, ಬರೆದುಕೊಳ್ಳುತ್ತೇನೆ ಸ್ವಲ್ಪ ನಿಧಾನವಾಗಿ ಹೇಳಿ ಅಂದ.

ಬಿಸಿಲು ಇಳಿದ ಮೇಲೆ ಮೇಸ್ತ್ರಿಯನ್ನು ಎಬ್ಬಿಸಿದೆವು. ಅದು ಕಣ್ಣುಜ್ಜಿಕೊಂಡು ಊರೆಲ್ಲ ಎಣಿಸಿ ವರದಿ ಬರೆಯಿತು: ಬೇಕಾದದ್ದು ನಲವತ್ತೊಂದು, ಇರುವುದು ನಲವತ್ತೊಂದು, ಮಾಡಬೇಕಾದ ಕೆಲಸ ಏನೂ ಇಲ್ಲ. ಶಾಜಿಯಾ ಅದನ್ನು ಜೋರಾಗಿ ಓದಿದಳು. ಇಡೀ ಡೈರಿ ನಕ್ಕಿತು, ಬೈಯಲು ಬಂದವರೂ ನಕ್ಕರು.

ಬಣ್ಣದ ಗೆರೆಗಳನ್ನು ನಾನು ಮತ್ತೆ ಹಾಕಲಿಲ್ಲ. ಆ ಜಾಗದಲ್ಲಿ ಎಲ್ಲ ಮನೆಗಳೂ ಕಾಲು ಚಾಚಿಕೊಂಡು ಇವೆ. ಈಗ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ನಾನೋ ಶಾಜಿಯಾಳೋ ಬೀದಿ ಸುತ್ತಿ ಬರುತ್ತೇವೆ. ಮನೆಗೊಂದು ಮಾತು, ಎರಡು ಮನೆಯಲ್ಲಿ ಟೀ. ತಾಸು ಹಿಡಿಯುತ್ತದೆ, ಕೋಪ ಮಾಡಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಎರಡನೆಯ ಯಂತ್ರ ತರಿಸೋಣವೇ ಎಂದು ಸಭೆಯಲ್ಲಿ ಕೇಳಿದರು. ಮುಂದಿನ ವರ್ಷ ನೋಡೋಣ ಅಂದೆ. ನೋಡುತ್ತೇನೆ, ಹಟವೇನೂ ಇಲ್ಲ.

ಅದಾಗಿ ಐದನೆಯ ದಿನ ಅತ್ತೆ ನನ್ನನ್ನು ಹುಳುಮನೆಗೆ ಕರೆದರು. ಅಟ್ಟದಿಂದ ಚಂದ್ರಿಕೆಗಳು ಇಳಿದು, ತೊಳೆದು ಒಣಗಿ, ಗೋಡೆಗೆ ಒರಗಿ ನಿಂತಿದ್ದವು. ಅವರು ತಟ್ಟೆಯಿಂದ ಒಂದು ಹುಳು ಎತ್ತಿ ನನ್ನ ಅಂಗೈ ಮೇಲೆ ಬಿಟ್ಟು, ಕೈಯನ್ನು ಹಿಡಿದು ಬೆಳಕಿಗೆ ಎತ್ತಿದರು. ಹಣ್ಣಾಗಿತ್ತು. ಮೈಯೊಳಗಿನ ರೇಷ್ಮೆ ಹೊಂಬಣ್ಣಕ್ಕೆ ಕಾಣುವಷ್ಟು ತಿಳಿಯಾಗಿತ್ತು, ಕಟ್ಟಲು ಜಾಗ ಹುಡುಕುತ್ತ ತಲೆಯನ್ನು ಅತ್ತ ಇತ್ತ ಆಡಿಸುತ್ತಿತ್ತು.

ಅತ್ತೆ ಅದನ್ನು ನೋಡುತ್ತ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. ಅವರ ಕೈಗೆ ಮತ್ತೆ ಸೊಪ್ಪಿನ ಕರೆ ಹತ್ತಿತ್ತು.

"ಇಂಚರ," ಅಂದರು, "ಮುಂದಿನ ಬೆಳೆಗೆ ಮರಿ ಹೇಳ್ಬುಡು."

"ಐವತ್ತು ಮೊಟ್ಟೇದಾ ಅತ್ತೆ?"

"ಐವತ್ತು ಯಾವ ಮೂಲೆಗೆ? ನೂರು ಹೇಳು."